ಕಾಡಿನ ಬಂಗಾರದ ನೆಂಟ

ರುದ್ರಸ್ವಾಮಿಯವರ ಮನೆಯಲ್ಲಿ ಈಚೆಗೆ ಸ್ನಾನ ಮಾಡುವುದೂ ಹುಲಿಯ ಸೇವೆಯಾಗಿಬಿಟ್ಟಿತ್ತು. ಬಚ್ಚಲ ಸೋಪಿನ ಮೇಲೆ ಹುಲಿ, ಟವಲಿನ ಮೇಲೆ ಹುಲಿ, ಬಿದಿರಿನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯ ಮೇಲೂ ಹುಲಿಯ ಹೆಜ್ಜೆ. ಸೋಪಿನಲ್ಲಿ ನೊರೆ ಮಾತ್ರ ಇರಲಿಲ್ಲ. (ನೊರೆ ಬಂದರೆ ಕಾಡಿನ ಮೀನುಗಳಿಗೆ ತೊಂದರೆಯಂತೆ. ಸರಗೂರಿನ ಬಚ್ಚಲ ನೀರು ಕಾಡಿನ ಮೀನನ್ನು ಹೇಗೆ ತಲುಪುತ್ತದೆ ಎಂದು ಕೇಳಬಾರದು. ಕೇಳಿದವರನ್ನು ರುದ್ರಸ್ವಾಮಿಯವರು ಜಗಲಿಯ ಮೇಲೆ ಕೂರಿಸಿಕೊಂಡು ಪರಿಸರ ಪಾಠ ಮಾಡುತ್ತಿದ್ದರು.)

"ಇದೇನ್ ಸೋಪು ಕಣ್ರೀ? ಕಲ್ಲಲ್ಲಿ ಉಜ್ಕೊಂಡಂಗಾಯ್ತದೆ. ಕೊಳೆ ಓಗಕಿಲ್ಲ, ಚರ್ಮ ಓಯ್ತದೆ!" ಎಂದು ಅವರ ಹೆಂಡತಿ ಶಿವರುದ್ರಮ್ಮ ಬಚ್ಚಲಿನಿಂದಲೇ ಕೂಗಿದರು.

"ಸುಮ್ನೆ ಉಜ್ಕೊಳ್ಳೇ. ನೀನಿಲ್ಲಿ ಒಂದ್ಸಲ ಉಜ್ಕೊಂಡ್ರೆ ಅಲ್ಲೊಂದು ಹುಲಿ ನೆಮ್ಮದಿಯಾಗಿ ಉಸಿರಾಡ್ತದೆ."

"ನಾನು ಲಗ್ನವಾಗಿ ಬಂದಾಗ್ಲೂ ಹುಲಿ ಉಸಿರಾಡ್ತಾನೇ ಇತ್ತು. ಆಗ ಯಾವ ಸೋಪು ಆಕ್ತಿದ್ರಿ ಅದಕ್ಕೆ?"

ಹುಲಿ ಬದುಕಬೇಕು, ಕಾಡು ಉಳಿಯಬೇಕು; ಅದರಲ್ಲಿ ಯಾರ ತಕರಾರೂ ಇಲ್ಲ. ಆದರೆ ರುದ್ರಸ್ವಾಮಿಯವರಲ್ಲಿ ಅರವತ್ತರ ಹೊಸ್ತಿಲಲ್ಲಿ ಉಕ್ಕಿ ಹರಿದ ಈ ವ್ಯಾಘ್ರವಾತ್ಸಲ್ಯಕ್ಕೆ ಕಾರಣ ಹುಲಿಯಲ್ಲ, ಮೊಮ್ಮಗನ ಜಡೆ.

ಮಗ ಗೌರೀಶನ ಮಗ ಚಿನ್ನುಗೆ ಮೂರು ತುಂಬುತ್ತಾ ಬಂದಿತ್ತು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಅವನ ಕೂದಲು ಬೆನ್ನಿಳಿದು ಸೊಂಟದ ಕಡೆಗೆ ಪ್ರಯಾಣ ಬೆಳೆಸಿತ್ತು. ಸೊಸೆ ಆಶಾರಾಣಿ ಎಣ್ಣೆ ಹಚ್ಚಿ, ಬಾಚಿ, ಎರಡು ಜಡೆ ಹೆಣೆದು ಸಾಕಾಗಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕಂಡವರೆಲ್ಲ "ಎಣ್ಣುಮಗ ಎಷ್ಟು ಲಕ್ಷಣವಾಗೈತೆ" ಎಂದು ಗಲ್ಲ ಹಿಂಡುತ್ತಿದ್ದರು. ಚಿನ್ನು ಅವರ ಕೈ ಕಚ್ಚುತ್ತಿದ್ದ. ಜೂನ್ ಬಂದರೆ ಶಾಲೆಗೆ ಸೇರಿಸಬೇಕು. ಅಷ್ಟರೊಳಗೆ ಮುಡಿ ಕೊಡಬೇಕು. ಮೊದಲ ಕೂದಲನ್ನು ಮನೆದೇವರ ಮುಂದೆಯೇ ತೆಗೆಸಬೇಕು. ರುದ್ರಸ್ವಾಮಿಯವರ ಕೂದಲೂ ಅವರ ಅಪ್ಪನ ಕೂದಲೂ ಬಿದ್ದದ್ದು ಅಲ್ಲೇ.

ತೊಂದರೆ ಏನೆಂದರೆ ಅವರ ಮನೆದೇವರಾದ ಹೊನ್ನೆಮರದ ಮಾದಪ್ಪ ಇರುವುದು ನಟ್ಟ ನಡುಗಾಡಿನಲ್ಲಿ. ಒಂದು ಕಲ್ಲಿನ ಗುಡಿ, ಒಂದು ಹೊನ್ನೆಮರ, ಪಕ್ಕದಲ್ಲಿ ಹಳ್ಳ, ಇಷ್ಟೇ ಮಾದಪ್ಪನ ಆಸ್ತಿ. ಹಿಂದೆ ಗಾಡಿ ಕಟ್ಟಿಕೊಂಡು ಹೋಗಿ, ಅಲ್ಲೇ ಒಲೆ ಹೂಡಿ, ಎಡೆ ಇಟ್ಟು, ಉಂಡು ಬರುತ್ತಿದ್ದರು. ಆಮೇಲೆ ಆ ಕಾಡು ನ್ಯಾಷನಲ್ ಪಾರ್ಕ್ ಆಯಿತು. ಮೊದಮೊದಲು ಫಾರೆಸ್ಟಿನವರು ಸೋಮವಾರಗಳಲ್ಲಿ ಒಳಕ್ಕೆ ಬಿಟ್ಟರು. ಆಮೇಲೆ ಶಿವರಾತ್ರಿಗೆ ಮಾತ್ರ ಎಂದರು. ಈಗ ಗುಡಿಯ ಹತ್ತಿರ ಹುಲಿ ಮರಿ ಹಾಕಿದೆ, ಯಾರೂ ಬರಕೂಡದು ಎಂದಿದ್ದರು. ಮಾದಪ್ಪನ ವಾಹನವೇ ಹುಲಿ. ವಾಹನಕ್ಕೆ ಬಾಣಂತನವಾದರೆ ಯಜಮಾನ ಭಕ್ತರ ಮುಖ ನೋಡಬಾರದೆಂದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ.

ಹಾಗಂತ ಜನ ಹೋಗುವುದನ್ನು ಬಿಟ್ಟಿರಲಿಲ್ಲ. ಹಳೆಯ ಕಾಲುದಾರಿಗೆ ಅಡ್ಡಲಾಗಿ ಒಂದು ಬಿದಿರ ಗಳ ಕಟ್ಟಿದ್ದರು, ಅಷ್ಟೇ. ಕಾವಲಿನವನಿಗೆ ಕೈ ಮುಗಿದು ಕೇಳಿಕೊಂಡರೆ ಅವನು ಬೀಡಿ ಹಚ್ಚುವ ನೆಪದಲ್ಲಿ ಆಚೆ ತಿರುಗುತ್ತಿದ್ದ.

"ನಿಮ್ ತಮ್ಮ ಓದ ತಿಂಗ್ಳು ಅಂಗೇ ಓಗಿ ಮೊಮ್ಮಗಳ ಮುಡಿ ತೆಗೆಸ್ಕೊಂಡು ಬಂದ್ರು. ನಾವೂ ಒಂದು ಗಳಿಗೆ ಓಗಿ ಬರಾನ ಕಣ್ರೀ," ಎಂದು ಶಿವರುದ್ರಮ್ಮ ಎಷ್ಟೋ ಸಲ ಗೋಗರೆದಿದ್ದರು.

"ನಮ್ಮ ಮನೆದೇವ್ರ ಹತ್ರ ನಾನು ಕಳ್ಳನಂಗೆ ಗಳ ದಾಟ್ಕೊಂಡು ಹೋಗ್ಲಾ? ಹೋದ್ರೆ ನೆಂಟನಂಗೆ ಮುಂಬಾಗಿಲಿಂದ ಹೋಗ್ತೀನಿ!" ಎಂದು ರುದ್ರಸ್ವಾಮಿಯವರು ಮೀಸೆ ತಿರುವಿದ್ದರು.

ನೆಂಟನಾಗುವ ದಾರಿ ಅವರಿಗೆ ಸಿಕ್ಕಿದ್ದು ಹೆಗ್ಗಡದೇವನಕೋಟೆ ರಸ್ತೆಯ ಒಂದು ಹಸಿರು ಮಳಿಗೆಯಲ್ಲಿ. 'ಕಾಡುನೆಂಟರ ಬಳಗ' ಎಂದು ಬೋರ್ಡಿತ್ತು. ಅದನ್ನು ನಡೆಸುತ್ತಿದ್ದವನು ಮೈಸೂರಿನ ಉಮಾಶಂಕರ. ಬಾಯಿಬಿಟ್ಟರೆ ಬೆಲ್ಲ ಸುರಿಯುವ ಮನುಷ್ಯ.

"ಸರ್, ನೀವು ದಿನಾ ಏನಾದ್ರೂ ಕೊಳ್ತೀರಲ್ವಾ? ಅದನ್ನೇ ನಮ್ಮಲ್ಲಿ ಕೊಳ್ಳಿ. ಅದರಲ್ಲೊಂದು ಪಾಲು ಕಾಡಿನ ರಕ್ಷಣೆಗೆ ಹೋಗುತ್ತೆ. ಕೊಂಡಷ್ಟೂ ನೀವು ಕಾಡಿಗೆ ಹತ್ತಿರದ ನೆಂಟರು. ಮೊದಲು ಹಿತ್ತಾಳೆ ನೆಂಟರು, ಆಮೇಲೆ ಬೆಳ್ಳಿ, ಆಮೇಲೆ ಬಂಗಾರ."

"ಬಂಗಾರದ ನೆಂಟನಾದ್ರೆ?"

"ಮನೆಯವರ ಸಮೇತ ನಮ್ಮ ಜೀಪಲ್ಲಿ ಕಾಡಿಗೆ ಕರ್ಕೊಂಡ್ಹೋಗಿ ಸನ್ಮಾನ ಮಾಡ್ತೀವಿ."

"ಹೊನ್ನೆಮರದ ಕಡೆಗೂ?"

"ಸರ್, ನಮ್ಮ ಮುಖ್ಯ ಕೆಲಸ ನಡೀತಿರೋದೇ ಆ ಕಡೆ!"

ರುದ್ರಸ್ವಾಮಿಯವರಿಗೆ ಇನ್ನೇನು ಬೇಕು? ದೊಡ್ಡ ದೇವಸ್ಥಾನಗಳ ವ್ಯವಹಾರವೆಲ್ಲ ಅವರಿಗೆ ಕರತಲಾಮಲಕ. ಫ್ಯಾನು ಕೊಟ್ಟವರಿಗೆ ಪ್ರಸಾದ ಮೊದಲು, ಬೆಳ್ಳಿ ಕವಚ ಕೊಟ್ಟವರಿಗೆ ಪಕ್ಕದ ಬಾಗಿಲಿನಿಂದ ನೇರ ದರ್ಶನ. ಕಾಡಿನ ದೇವರಿಗೂ ಪಕ್ಕದ ಬಾಗಿಲೊಂದು ಇರಲೇಬೇಕು, ದಾನಿಗಳಿಗೆ ಅದು ತೆರೆಯಲೇಬೇಕು. ಹೀಗೆ ಅವರು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿ, ಅಂದೇ ಹುಲಿ ಸೋಪು ಕೊಂಡು ಮನೆಗೆ ಬಂದರು.

ಅಲ್ಲಿಂದ ಶುರುವಾಯಿತು ಶಿವರುದ್ರಮ್ಮನ ವನವಾಸ. ಆನೆ ಚಿತ್ರದ ಚೀಲ ಬಂತು. ಅದರಲ್ಲಿ ಎರಡು ಸೋರೆಕಾಯಿ ಹಾಕಿದರೆ ಹಿಡಿ ಕಿತ್ತು ಬರುತ್ತಿತ್ತು. ನವಿಲಿನ ಕೊಡೆ ಬಂತು. ಅದನ್ನು ಮಳೆಯಲ್ಲಿ ಬಿಚ್ಚಿದರೆ ಬಣ್ಣ ಬಿಡುತ್ತಿತ್ತು. ಕಾಡಂಚಿನ ಗಿರಿಜನರ ಹಾಡಿಯಿಂದ ಚೆಲುವಮ್ಮ ವರ್ಷಾವರ್ಷ ಮನೆ ಬಾಗಿಲಿಗೆ ತರುತ್ತಿದ್ದ ಜೇನು ಬೇಡವಾಯಿತು. ಅವಳು ಆ ಜೇನನ್ನು ಬಳಗದವರಿಗೇ ಕೊಟ್ಟಳು, ಬಳಗದವರು ಹುಲಿ ಚೀಟಿ ಅಂಟಿಸಿದರು, ರುದ್ರಸ್ವಾಮಿಯವರು ಅದನ್ನು ಭಕ್ತಿಯಿಂದ ಕೊಂಡು ತಂದರು. "ನಮ್ಮ ಚೆಲುವಮ್ಮ ತರೋದಕ್ಕಿಂತ ರುಚಿ ಬೇರೆ," ಎಂದು ಬೆರಳು ಬೇರೆ ಚೀಪಿದರು.

ಇಷ್ಟಾದರೂ ಬೆಳ್ಳಿಯಲ್ಲೇ ನಿಂತರು. ಬಂಗಾರವಾಗಬೇಕಾದರೆ ಬಳಗದ ರೆಸಾರ್ಟಿನಲ್ಲಿ ತಂಗಬೇಕೆಂದು ಉಮಾಶಂಕರ ಹೇಳಿದ. ಆ ರೆಸಾರ್ಟು ಇದ್ದದ್ದು ರುದ್ರಸ್ವಾಮಿಯವರ ಹತ್ತಿ ಹೊಲದ ಬದುವಿಗೆ ಅಂಟಿಕೊಂಡು! ಸ್ವಂತ ಮನೆಗೆ ಬೀಗ ಹಾಕಿ, ಪೆಟ್ಟಿಗೆ ಹೊತ್ತು, ಗಂಡ ಹೆಂಡತಿ ಆಟೋದಲ್ಲಿ ತಮ್ಮ ಹೊಲದ ಪಕ್ಕಕ್ಕೆ ಪ್ರವಾಸ ಹೋದರು. ಕೊಟ್ಟ ಕೋಣೆಯ ಹೆಸರು 'ಹಳ್ಳಿ ನೋಟ'. ಕಿಟಕಿ ತೆರೆದರೆ ಅವರದೇ ಎಮ್ಮೆ ನಿಂತು ಇವರನ್ನು ನೋಡುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಬಡಿಸುವವನು ಬಗ್ಗಿ ವಿನಯದಿಂದ ಹೇಳಿದ: "ಮೇಡಂ, ಇದಕ್ಕೆ ರಾಗಿಮುದ್ದೆ ಅಂತಾರೆ. ಅಗೀಬಾರ್ದು, ಸಾರಲ್ಲಿ ಅದ್ದಿ ನುಂಗಬೇಕು."

ಮದುವೆಯಾದಂದಿನಿಂದ ಆ ಮನೆಗೆ ಮುದ್ದೆ ತೊಳಸಿದ ಶಿವರುದ್ರಮ್ಮ ಅವನ ಮುಖ ನೋಡಿದರು, ಆಮೇಲೆ ಗಂಡನ ಮುಖ ನೋಡಿದರು.

"ನುಂಗ್ತೀನಿ ಬುಡಪ್ಪ. ಇವ್ರನ್ನ ಕಟ್ಕೊಂಡ ಮೇಲೆ ನುಂಗೋದು ಚೆನ್ನಾಗಿ ಕಲ್ತಿವ್ನಿ," ಎಂದರು.

ಅಂತೂ ಬಂಗಾರದ ಕಾರ್ಡು ಬಂತು. ರುದ್ರಸ್ವಾಮಿಯವರು ಅದನ್ನು ದೇವರ ಗೂಡಿನಲ್ಲಿಟ್ಟು ವಿಭೂತಿ ಹಚ್ಚಿದರು. ಸನ್ಮಾನದ ದಿನಕ್ಕೆ ಎಡೆ ಸಿದ್ಧವಾಯಿತು, ಹಣ್ಣು ಕಾಯಿ ಸಿದ್ಧವಾಯಿತು. ಕ್ಷೌರದಂಗಡಿಯ ಚಾಮಯ್ಯನನ್ನೂ ಕತ್ತಿ ಮಸೆಸಿ ಜೀಪು ಹತ್ತಿಸಿದ್ದಾಯಿತು. ಇವರಾರು ಎಂದು ಉಮಾಶಂಕರ ಕೇಳಿದ್ದಕ್ಕೆ ರುದ್ರಸ್ವಾಮಿಯವರು "ನಮ್ಮ ಮನೆಯವ್ರೇ" ಎಂದು ಗತ್ತಿನಿಂದ ಹೇಳಿದರು. ಮುಡಿಯ ಮಾತು ಎತ್ತಲಿಲ್ಲ. ಬಂಗಾರದ ನೆಂಟ ಹಾಗೆಲ್ಲ ಮೊದಲೇ ಬೇಡುವುದು ಘನತೆಗೆ ತಕ್ಕದ್ದಲ್ಲ ಎಂಬುದು ಅವರ ಎಣಿಕೆ. ಮಗ ಸೊಸೆ ಮಧ್ಯೆ ಕೂತ ಚಿನ್ನು, ಇದೇ ಕೊನೆಯ ಸಲವೆಂದು ಜಡೆಗೆ ಮಲ್ಲಿಗೆ ಮುಡಿಸಿಕೊಂಡಿದ್ದ. ಶಿವರುದ್ರಮ್ಮನ ಮುಖದಲ್ಲೂ ಎಷ್ಟೋ ದಿನದ ಮೇಲೆ ನಗು ಕಂಡಿತು. "ಒಟ್ನಲ್ಲಿ ಮಾದಪ್ಪನ ಮುಖ ತೋರಿಸ್ತಾವ್ರಲ್ಲ, ಆ ಕೆಟ್ಟ ಸೋಪ್ನೂ ಮರ್ತುಬುಡ್ತೀನಿ," ಎಂದು ಸೊಸೆಯ ಕಿವಿಯಲ್ಲಿ ಹೇಳಿದರು. ಹೆಂಡತಿಯ ಆ ಮಾತು ಕೇಳಿ ರುದ್ರಸ್ವಾಮಿಯವರ ಎದೆ ತುಂಬಿ ಬಂತು.

ಜೀಪು ಹಳೆಯ ಕಾಲುದಾರಿಯ ಬುಡದಲ್ಲೇ ನಿಂತಿತು. ಬಿದಿರ ಗಳ ಇರಲಿಲ್ಲ. ಅದಿದ್ದ ಜಾಗದಲ್ಲಿ ಆಳೆತ್ತರದ ಕಬ್ಬಿಣದ ಗೇಟು, ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಕಂಬಿ ಬೇಲಿ. ಗೇಟಿನ ಪಕ್ಕದ ಕಂಬದಲ್ಲಿ ಹಿತ್ತಾಳೆ ಫಲಕ. ಫಲಕದ ಮೇಲೆ ಕೆತ್ತಿದ ಅಕ್ಷರ: 'ಕೊಡುಗೆ: ಶ್ರೀ ರುದ್ರಸ್ವಾಮಿಯವರು, ಸರಗೂರು.'

ರುದ್ರಸ್ವಾಮಿಯವರು ಆ ಅಕ್ಷರಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಊರ ದೇವಸ್ಥಾನದ ಟ್ಯೂಬ್‌ಲೈಟಿನ ಪಟ್ಟಿಯ ಮೇಲೂ ಅವರ ಹೆಸರು ಇಷ್ಟು ದೊಡ್ಡದಾಗಿ ಬಿದ್ದಿರಲಿಲ್ಲ. ಉಮಾಶಂಕರ ಶಾಲು ಹೊದಿಸಿದ, ಗಂಧದ ಹಾರ ಹಾಕಿದ, ಮೈಸೂರು ಪೇಟ ಇಟ್ಟ. ಕೈಗೆ ತೆಂಗಿನಕಾಯಿ ಗಾತ್ರದ ಬೀಗ ಕೊಟ್ಟು, "ನಿಮ್ಮ ಅಮೃತಹಸ್ತದಿಂದಲೇ ಆಗ್ಲಿ ಸರ್. ಹಾಕಿ, ಫೋಟೋ ತೆಗೀತೀವಿ," ಎಂದ. ಲೋಕದಲ್ಲಿ ಎಲ್ಲ ಉದ್ಘಾಟನೆಗಳೂ ತೆರೆಯುವುದರಿಂದ ಆಗುತ್ತವೆ, ಇದೊಂದು ಮುಚ್ಚುವುದರಿಂದ ಆಗುತ್ತಿದೆಯಲ್ಲ ಎಂದು ರುದ್ರಸ್ವಾಮಿಯವರಿಗೆ ಹೊಳೆಯಬೇಕಿತ್ತು. ಆದರೆ ಕ್ಯಾಮೆರಾದ ಕಡೆ ನಗುತ್ತಿದ್ದವರಿಗೆ ಅದೆಲ್ಲ ಎಲ್ಲಿಂದ ಹೊಳೆಯಬೇಕು? ಬೀಗ ಟಪ್ಪೆಂದು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಾಮಯ್ಯನೂ ತಟ್ಟಿದ.

"ಬೀಗದ ಕೈ ಕೊಡಪ್ಪ. ಪೂಜೆ ಹೊತ್ತಾಯ್ತು, ತೆಗ್ದು ಒಳಕ್ಕೆ ಹೋಗಾನ," ಎಂದು ರುದ್ರಸ್ವಾಮಿಯವರು ಕೈ ಚಾಚಿದರು.

"ಬೀಗದ ಕೈ ಫಾರೆಸ್ಟಿನವರ ಹತ್ರ ಇರುತ್ತೆ ಸರ್. ಒಳಕ್ಕೆ ಇನ್ನು ಯಾರೂ ಹೋಗೋ ಹಾಗಿಲ್ಲ. ಅದೇ ಅಲ್ವಾ ಖುಷಿ! ಇಷ್ಟು ದಿನ ಜನ ಗಳ ದಾಟಿ ಗುಡಿಗೆ ನುಗ್ತಿದ್ರು, ಪಾಪ ಹುಲಿಗೆ ನೆಮ್ಮದೀನೇ ಇರ್ಲಿಲ್ಲ. ನೀವು ಕೊಂಡ ಒಂದೊಂದು ಸೋಪೂ ಇಲ್ಲಿ ಒಂದೊಂದು ಕಂಬಿಯಾಗಿದೆ ಸರ್."

"ನಾವು... ನಾವು ನೆಂಟ್ರಲ್ವೇನಪ್ಪ?"

"ಖಂಡಿತಾ ಸರ್. ಕಾಡನ್ನ ಅದರ ಪಾಡಿಗೆ ಬಿಡೋರೇ ನಿಜವಾದ ನೆಂಟರು."

ಗೌರೀಶ ಜೀಪಿನ ಟೈರನ್ನು ನೋಡುತ್ತಾ ನಿಂತ. ಕತ್ತಿಗೆ ನೀರು ಚಿಮುಕಿಸಿಕೊಂಡು ಸಿದ್ಧನಾಗಿದ್ದ ಚಾಮಯ್ಯ ಅದನ್ನು ಒರೆಸಿ ಮಡಿಸಿದ. ಕಂಬಿಗಳ ಆಚೆ ಕಾಲುದಾರಿ ಎಂದಿನ ಹಾಗೆ ಬಾಗಿಕೊಂಡು ಹೊನ್ನೆಮರದ ಕಡೆ ಹೋಗಿತ್ತು. ತಮ್ಮ ಕೈಯಾರೆ, ಪೇಟ ಇಟ್ಟುಕೊಂಡು, ನಗುನಗುತ್ತಾ ತಾವು ಮಾಡಿದ್ದೇನೆಂದು ರುದ್ರಸ್ವಾಮಿಯವರಿಗೆ ಪೂರ್ತಿ ಅರ್ಥವಾಗಿತ್ತು.

ಶಿವರುದ್ರಮ್ಮ ಕೂಗಾಡುತ್ತಾರೆಂದು ಅವರು ಕಾದರು. ಶಿವರುದ್ರಮ್ಮ ಕೂಗಾಡಲಿಲ್ಲ, ಅದೇ ಅವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಕೆ ಮೊಮ್ಮಗನನ್ನು ಎತ್ತಿಕೊಂಡು ಗೇಟಿನ ಬುಡಕ್ಕೆ ಹೋದರು, ಎಡೆಯನ್ನು ನೆಲದ ಮೇಲಿಟ್ಟರು, ಕಬ್ಬಿಣದ ಕಂಬಕ್ಕೇ ಕಾಯಿ ಒಡೆದರು. ಚಿನ್ನುವಿನ ಎರಡೂ ಜಡೆಗಳನ್ನು ಕಂಬಿಯ ಸಂದಿಯಲ್ಲಿ ಒಳಗೆ ತೂರಿಸಿ ಒಂದು ಗಳಿಗೆ ಹಿಡಿದು, ಮತ್ತೆ ಈಚೆಗೆ ತೆಗೆದುಕೊಂಡರು.

ರುದ್ರಸ್ವಾಮಿಯವರಿಗೆ ಅದನ್ನು ನೋಡಲಾಗಲಿಲ್ಲ. ಹೆಗಲ ಶಾಲನ್ನು ತೆಗೆದು, ಯಾರಿಗೂ ಕಾಣದ ಹಾಗೆ, ಹಿತ್ತಾಳೆ ಫಲಕದ ಮೇಲೆ ಹೊದಿಸಲು ಹೋದರು. ಶಿವರುದ್ರಮ್ಮ ಸರಕ್ಕನೆ ತಿರುಗಿ ಶಾಲನ್ನು ಎಳೆದು ಹಾಕಿದರು.

"ಮುಚ್ಬ್ಯಾಡಿ, ಅಂಗೇ ಇರ್ಲಿ," ಎಂದು, ಕಂಬಿಗೆ ಹಣೆಯಿಟ್ಟು ಒಳಗಿನ ಕಾಡಿಗೆ ಕೇಳುವಂತೆ ಹೇಳಿದರು: "ಮಾದಪ್ಪಾ, ನಿನ್ ದಾರಿಗೆ ಬೀಗ ಜಡ್ದೋರು ಯಾರು ಅಂತ ಎಲ್ಲೂ ಉಡುಕ್ಬ್ಯಾಡ ಕಣಪ್ಪ. ಎಸ್ರೂ ಇಲ್ಲೇ ಬರ್ದವ್ರೆ, ಊರೂ ಬರ್ದವ್ರೆ."