ಕುದಿಸಿದ ಮಣ್ಣಿನ ವಿಷಯವಾಗಿ ಶಿಲೀಂಧ್ರ ಮಹಾಶಯರಿಗೆ

ಮಾನ್ಯರೇ,

ಮಣ್ಣಿನಡಿಯ ಸಕಲ ಕತ್ತಲೆಗೂ ಒಡೆಯರಾದ, ಅಣಬೆಯ ಕುಲಬಾಂಧವರಾದ, ಪಾಮರರ ಕಣ್ಣಿಗೆ ಬರೀ ಬಿಳಿ ನೂಲಿನಂತೆ ಕಾಣುವ ತಮ್ಮ ಸನ್ನಿಧಾನಕ್ಕೆ, ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕತ್ತರಿ ಚಿಮಟಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧಮಾಡುತ್ತ ಬಂದಿರುವ ನಾನು, ಎರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡು ಮಾಡುವ ನಮಸ್ಕಾರಗಳು. ತೊಳೆದದ್ದನ್ನು ಅವಮಾನವೆಂದು ತಿಳಿಯಬಾರದು, ಅದು ಅಭ್ಯಾಸಬಲ.

ನನ್ನ ದೂರು ಇಷ್ಟೇ: ತಾವು ಯಾರೆಂದು ತಾವು ಮೊದಲೇ ತಿಳಿಸಲಿಲ್ಲ.

ನಾಲ್ಕು ವರ್ಷಗಳ ಹಿಂದೆ ನನ್ನ ಹೆಂಡತಿಯ ತಂದೆ, ನಿವೃತ್ತ ಭೂಮಾಪಕರು, ಕಣ್ಣಿನ ಚಿಕಿತ್ಸೆಗೆಂದು ಹಿರಿಮಗಳ ಮನೆಗೆ ಹೊರಟಾಗ ಒಂದು ಕುಂಡವನ್ನು ನನ್ನ ಕೈಗಿಟ್ಟರು. ಅದರಲ್ಲಿದ್ದದ್ದು ಕಾಡು ಆರ್ಕಿಡ್. ಕಲ್ಲುಗಣಿಗೆಂದು ಒಂದು ಗುಡ್ಡವನ್ನು ಅಳೆದುಕೊಟ್ಟವರು ಅವರೇ, ಅದನ್ನು ಮದ್ದಿಟ್ಟು ಸಿಡಿಸುವ ಹಿಂದಿನ ದಿನ ಬುಡದ ಮಣ್ಣಿನ ಸಮೇತ ಈ ಒಂದೇ ಗಿಡವನ್ನು ಎತ್ತಿ ತಂದವರೂ ಅವರೇ. "ನೀರು ಹಾಕಿ ಅಳಿಯಂದ್ರೇ, ಅಷ್ಟು ಸಾಕು. ನಿಮ್ಮ ಬುದ್ಧಿವಂತಿಕೆ ಮಾತ್ರ ಹಾಕ್ಬೇಡಿ" ಎಂದಿದ್ದರು.

ಮೂರನೇ ದಿನ ಕುಂಡದ ಅಂಚಿನಲ್ಲಿ ತಮ್ಮ ದರ್ಶನವಾಯಿತು. ಬೂಷ್ಟು ಎಂದುಕೊಂಡೆ. ಗಿಡವನ್ನು ಕಿತ್ತು, ಬೇರುಗಳನ್ನು ಹೊಸ ಪಾತ್ರೆಯಂತೆ ಹೊಳೆಯುವವರೆಗೆ ತಿಕ್ಕಿ ತೊಳೆದು, ತಮ್ಮ ಪರಿವಾರವಿದ್ದ ಮಣ್ಣನ್ನು ನೀರಿನ ತೊಟ್ಟಿಯ ಹಿಂದಕ್ಕೆ ಚೆಲ್ಲಿ, ಮನೆಯ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿದ ಮಣ್ಣನ್ನು ಕುಂಡಕ್ಕೆ ತುಂಬಿ, ಮೇಲೆ ಬೂಷ್ಟು ನಾಶಕ ಔಷಧಿಯನ್ನೂ ಸಿಂಪಡಿಸಿದೆ. "ಅದು ಗಿಡ ಕಣ್ರೀ, ಆಪರೇಷನ್ ಥಿಯೇಟರ್ ಅಲ್ಲ" ಎಂದಳು ಹೆಂಡತಿ. ಕುಕ್ಕರಿನ ಬಗ್ಗೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಗಿಡ ನಲವತ್ತು ದಿನ ಬದುಕಿತು. ಅಷ್ಟು ಶುಭ್ರವಾದ ಸಾವನ್ನು ಜಗತ್ತಿನ ಯಾವ ಸಸ್ಯವೂ ಕಂಡಿರಲಾರದು.

ಐದು ತಿಂಗಳಾದ ಮೇಲೆ ಮಾವನವರು ಹಿಂತಿರುಗಿದರು. ಒಂದು ಕಣ್ಣು ಹೋಗಿತ್ತು, ಇನ್ನೊಂದರಲ್ಲಿ ಬೆಳಕಿನ ಮಸುಕು ಮಾತ್ರ. ನಾನು, ಮಹಾಬುದ್ಧಿವಂತ, ಕಣ್ಣು ಕಾಣದವರಿಂದ ಗಿಡವಿಲ್ಲದ ಕುಂಡವನ್ನು ಬೆನ್ನ ಹಿಂದೆ ಬಚ್ಚಿಟ್ಟು ನಿಂತಿದ್ದೆ. ಅವರು ಕೈಚಾಚಿದರು, ಕೊಟ್ಟೆ. ಬೆರಳು ಮಣ್ಣಿನ ಮೇಲೆಲ್ಲ ಓಡಾಡಿತು. ಬೈದಿದ್ದರೆ ಹಗುರಾಗುತ್ತಿದ್ದೆ.

"ಹಳೇ ಮಣ್ಣು ಎಲ್ಲಿ ಚೆಲ್ಲಿದ್ರಿ?" ಎಂದಷ್ಟೇ ಕೇಳಿದರು.

ತೊಟ್ಟಿಯ ಹಿಂದೆ ನಾನು ಹೊಟ್ಟೆ ಅಡಿಯಾಗಿ ಮಲಗಿ ಹುಡುಕಿದೆ, ಅವರು ಪಕ್ಕದಲ್ಲಿ ಮೊಣಕಾಲೂರಿ ಕಾದರು. ಎಳ್ಳಿನ ಗಾತ್ರದ ಹಸಿರು ಚುಕ್ಕೆಗಳು ಮೂರು ಕಂಡವು. ಹಿಂದಿನ ವರ್ಷದ ಕಾಯಿ ಒಡೆದು ಧೂಳಿನಂಥ ಬೀಜ ಆ ಮಣ್ಣಿಗೆ ಬಿದ್ದಿತ್ತಂತೆ. "ಈ ಬೀಜಕ್ಕೆ ತಾಯಿ ಬುತ್ತಿ ಕಟ್ಟಿ ಕಳಿಸೋದಿಲ್ಲ. ನೀವು ಬೂಷ್ಟು ಅಂದ್ರಲ್ಲ, ಅದೇ ತುತ್ತು ಕೊಟ್ಟು ಸಾಕ್ಬೇಕು" ಎಂದರು.

ಹೆತ್ತವರು ಬರಿಗೈಯಲ್ಲಿ ಕಳಿಸಿದ ಕೂಸುಗಳಿಗೆ ಕತ್ತಲಲ್ಲಿ ಕೂತು ಉಣಬಡಿಸುವ ಮಹಾನುಭಾವರು ಎದೆಯ ಮೇಲೆ ಒಂದು ಹೆಸರಿನ ಚೀಟಿಯನ್ನಾದರೂ ಧರಿಸಬಾರದಿತ್ತೇ? ಎದೆ ಇಲ್ಲವೆಂಬುದು ನೆಪವಾಗಲಾರದು. ಇನ್ನು ಮುಂದೆ ನಾನು ಕುಕ್ಕರು ಹಿಡಿದು ಬರುವುದು ಕಂಡಲ್ಲಿ, ದಯವಿಟ್ಟು ಅದಕ್ಕಿಂತ ಮೊದಲು ತಾವೇ ಒಂದು ಸೀಟಿ ಹಾಕತಕ್ಕದ್ದು.

ಆ ಮೂರು ಹಸಿರು ಚುಕ್ಕೆಗಳಲ್ಲೊಂದು ಗಿಡವಾಗಿ ಬೆಳೆದು ಈ ವರ್ಷ ಬಿಳಿ ಹೂಗೊಂಚಲು ಬಿಟ್ಟಿತು. ಪಾಠ ಕಲಿತ ನಾನು ಮಣ್ಣನ್ನು ಮುಟ್ಟಲಿಲ್ಲ. ಹುಳಹುಪ್ಪಟೆ ಕೂತು ಹೂ ಕೊಳೆಯಾಗದಿರಲೆಂದು ಸೊಳ್ಳೆಪರದೆ ಮಾತ್ರ ಕಟ್ಟಿದೆ. ವಾರ ಕಳೆದ ಮೇಲೆ ಮಾವನವರು ಮೂಗೆತ್ತಿ, "ವಾಸನೆ ಬರ್ತಿದೆ, ರೆಕ್ಕೆ ಸದ್ದೇ ಇಲ್ಲ. ಮತ್ತೇನು ಮಾಡಿದ್ರಿ?" ಎಂದರು.

ಪರದೆ ಬಿಚ್ಚಿದ ಮೂರನೇ ಸಂಜೆ ಪತಂಗವೊಂದು ಬಂತು. ಹೂವಿನ ಬಾಲದಂಥ ಉದ್ದ ಕೊಳವೆಗೆ ನಾಲಿಗೆ ಇಳಿಸಿ ಮಕರಂದ ಕುಡಿದು ಮುಖ ಎತ್ತಿದಾಗ ಅದರ ಕಣ್ಣಿಗೆ ಎರಡು ಹಳದಿ ಗಂಟು ಅಂಟಿದ್ದವು. ಪಾಪ, ಕಣ್ಣಿಗೆ ಸೋಂಕು ತಗುಲಿದೆ ಎಂದು ನನ್ನ ಕೈ ತಾನಾಗಿ ಔಷಧಿ ಸೀಸೆಯತ್ತ ಹೋಯಿತು. ಹೆಂಡತಿ ಮಣಿಕಟ್ಟು ಹಿಡಿದಳು. ಅದು ಪರಾಗದ ಗಂಟು. ಪತಂಗ ಅದನ್ನು ಹೊತ್ತು ಪಕ್ಕದ ಹೂವಿಗೆ ಹೋಯಿತು, ನಾನು ಉಸಿರು ಬಿಗಿಹಿಡಿದು ಕೂತೆ.

ಈಗ ನಾಲ್ಕು ಕಾಯಿ ಬಲಿತಿವೆ. ಗಣಿ ನಿಂತುಹೋಗಿದೆ, ಗುಡ್ಡದ ಒಂದು ಮಗ್ಗುಲು ಉಳಿದಿದೆಯಂತೆ. ಬರುವ ಭಾನುವಾರ ತಮ್ಮನ್ನೂ ಬೀಜವನ್ನೂ ಒಂದೇ ಬುಟ್ಟಿಯಲ್ಲಿ ಹೊತ್ತು ಅಲ್ಲಿಗೆ ಹೋಗುವವರಿದ್ದೇವೆ. ಗುಡ್ಡದ ಅಳತೆ ಮಾವನವರಿಗೆ ಬಾಯಿಪಾಠ: ಎಷ್ಟು ಹೆಜ್ಜೆ, ಯಾವ ಕಡೆ ಎಂದು ಅವರು ಹೇಳುತ್ತಾರೆ, ನಾನು ನಡೆಯುತ್ತೇನೆ. ಹಿಡಿಹಿಡಿಯಾಗಿ ಮಣ್ಣು ಇಡುವುದು ಬರಿಗೈಯಲ್ಲೇ ಆಗಬೇಕೆಂದು ಅವರ ಅಪ್ಪಣೆ. ಒಪ್ಪಿದ್ದೇನೆ.

ಇಂತಿ, ಶುಚಿತ್ವದ ವಿಷಯದಲ್ಲಿ ತಕ್ಕಮಟ್ಟಿಗೆ ಕೆಟ್ಟಿರುವ,
ತಮ್ಮ ವಿಶ್ವಾಸಿ,
ಕತ್ತರಿ ಬೇಯಿಸುವವ

ಮರೆತ ಮಾತು: ನನ್ನ ಬಲಗಾಲಿನ ಬೆರಳ ಸಂದಿಯಲ್ಲಿ ತಮ್ಮ ಸಂಬಂಧಿಕರೊಬ್ಬರು ಎರಡು ತಿಂಗಳಿಂದ ಠಿಕಾಣಿ ಹೂಡಿದ್ದಾರೆ. ತಮ್ಮ ಮೇಲಿನ ಗೌರವಕ್ಕೆ ಮುಲಾಮು ಹಚ್ಚದೆ, ಕೆರೆದುಕೊಳ್ಳುತ್ತ ಕಾದಿದ್ದೇನೆ. ಅಲ್ಲಿ ಇದುವರೆಗೆ ಒಂದು ಹೂವೂ ಅರಳಿಲ್ಲವೆಂಬುದನ್ನು ವಿಷಾದದಿಂದ ತಮ್ಮ ಗಮನಕ್ಕೆ ತರುತ್ತೇನೆ.