ಸೂಪಿಗೊಂದು ಸಮೀಕ್ಷೆ

"ಇವತ್ತು ಅಡುಗೆಮನೆ ನನ್ನದು! ನೀನು ಒಂದು ಚಮಚಾನೂ ಮುಟ್ಟಕೂಡದು!"

ಭಾನುವಾರ ಬೆಳಿಗ್ಗೆ ಏಪ್ರನ್ ಕಟ್ಟಿಕೊಂಡು ಹೀಗೆ ಘೋಷಿಸಿದವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟ್ರು. ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಸರಾಸರಿ ಮೇಷ್ಟ್ರು. ಮಳೆ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ತಲೆಯೆತ್ತಿ ಆಕಾಶ ನೋಡುವವರಲ್ಲ ಅವರು. ಹಿಂದಿನ ವರ್ಷಗಳ ಸರಾಸರಿ ತೆಗೆಯಲು ಕೂತು, ಲೆಕ್ಕ ಮುಗಿಯುವಷ್ಟರಲ್ಲಿ ನೆನೆದು ತೊಪ್ಪೆಯಾಗುವ ಮಹಾನುಭಾವರು!

ಹೆಂಡತಿ ಕೈಮುಗಿದಳು. "ರೀ, ಇವತ್ತೊಂದು ದಿನ ಬೇಡ. ಅಮ್ಮ ತಂಗೀನ ಕರ್ಕೊಂಡು ಬರ್ತಿರೋದು ಯಾಕೆ ಗೊತ್ತಲ್ಲ? ಅವಳು ಮದುವೇನೇ ಬೇಡ ಅಂತ ಹಟ ಹಿಡಿದು ಕೂತಿದಾಳೆ. ಸಂಸಾರ ಅಂದ್ರೆ ಎಷ್ಟು ಚೆನ್ನಾಗಿರುತ್ತೆ ಅಂತ ನಮ್ಮನ್ನ ನೋಡಿ ತಿಳ್ಕೊಳ್ಳಲಿ ಅಂತ ಅಮ್ಮನ ಆಸೆ."

"ಅದಕ್ಕೇ ಕಣೇ ಹೇಳ್ತಿರೋದು! ಗಂಡ ಸೂಪ್ ಮಾಡ್ತಾನೆ, ಹೆಂಡತಿ ಕಾಲ್ಮೇಲೆ ಕಾಲ್ ಹಾಕ್ಕೊಂಡು ಕುಡೀತಾಳೆ. ಇದನ್ನ ನೋಡಿದ್ರೆ ನಿನ್ನ ತಂಗಿ ಸಾಯಂಕಾಲದ ಒಳಗೆ ಮದುವೆ ತಾರೀಖು ಕೇಳ್ತಾಳೆ!"

"ದೇವರೇ! ಉಪ್ಪಿನ ಕಡೆ ಸ್ವಲ್ಪ ಗಮನ ಇರ್ಲಿ" ಎಂದು ಹೇಳಿ, ತಾಯಿ ತಂಗಿಯರನ್ನು ಕರೆತರಲು ಆಕೆ ಸ್ಟೇಷನ್ನಿಗೆ ಹೊರಟಳು.

ಟೊಮೆಟೊ, ಕ್ಯಾರೆಟ್, ಆಲೂಗಡ್ಡೆಗಳು ಬೆಂದು ದೊಡ್ಡ ಪಾತ್ರೆಯ ತುಂಬ ಗಟ್ಟಿ ಸೂಪು ಸಿದ್ಧವಾಯಿತು. ಮೇಷ್ಟ್ರು ಒಲೆ ಆರಿಸಿ, ಒಂದು ಹಿಡಿ ಕಲ್ಲುಪ್ಪು ಸುರಿದು, ಮೇಲಿನಿಂದ ಒಂದು ಚಮಚ ತೆಗೆದು ಚಪ್ಪರಿಸಿದರು. ಸಪ್ಪೆ! ಇನ್ನೊಂದು ಹಿಡಿ ಸುರಿದರು. ಆಗಲೂ ಸಪ್ಪೆ!

ಆಗ ಅವರೊಳಗಿನ ಪಂಡಿತ ಎದ್ದು ಕೂತ. ಒಂದು ಚಮಚ, ಒಂದು ನಾಲಿಗೆ! ಇದೂ ಒಂದು ಮಾದರಿಯೇ? ಯಾವುದೋ ಒಂಟಿ ನಾಲಿಗೆಯ ಮಾತು ಕೇಳಿ ಇಡೀ ಪಾತ್ರೆಯ ಹಣೆಬರಹ ಬರೆಯುವುದೇ? ಮಾದರಿ ದೊಡ್ಡದಾಗಬೇಕು! ಮೇಷ್ಟ್ರು ಏಪ್ರನ್ನಿನಲ್ಲೇ ಮೆಟ್ಟಿಲಿಗೆ ಓಡಿ ಕೂಗು ಹಾಕಿದರು. ಎದುರುಮನೆಯ ದಂತವೈದ್ಯೆ ಬಂದರು. ಮೇಲ್ಮಹಡಿಯ ಜಿಮ್ ಮಾಸ್ಟರು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದರು. ಅವರ ಬೆನ್ನಿಗೇ, ಘಮಕ್ಕೆ ಮನಸೋತು, ಕಟ್ಟಡದ ಅರ್ಧ ಜನ ಬಂದರು.

"ನೋಡಿ, ಬದಲಾಗೋ ಸಂಗತಿಗೆ ಚಲಕ ಅಂತ ಹೆಸರು. ಇವತ್ತಿನ ಚಲಕ ಉಪ್ಪು. ಕಮ್ಮೀನಾ, ಸರೀನಾ, ಜಾಸ್ತೀನಾ? ಅಷ್ಟು ಹೇಳಿದ್ರೆ ಸಾಕು" ಎಂದು ಮೇಷ್ಟ್ರು ಚಮಚ ಚಾಚಿದರು.

"ಒಂದು ಚಮಚಾನಾ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!" ಎಂದರು ಜಿಮ್ ಮಾಸ್ಟರು. "ಬಟ್ಟಲಲ್ಲಿ ಕೊಡಿ ಸಾರ್."

ಬಟ್ಟಲುಗಳು ಬಂದವು. ಮೇಷ್ಟ್ರು ಕೈಗೆ ಸಿಕ್ಕ ಮಾರ್ಕರಿನಿಂದ ಫ್ರಿಜ್ಜಿನ ಬಿಳಿ ಬಾಗಿಲ ಮೇಲೆ ಸ್ತಂಭನಕ್ಷೆ ಎಳೆದರು. ಒಬ್ಬೊಬ್ಬರು ಬಾಯಿ ಬಿಟ್ಟಂತೆಲ್ಲ ಕಂಬ ಬೆಳೆಯಿತು. ಮೊದಲು ಕುಡಿದವರೆಲ್ಲ "ಸಪ್ಪೆ, ಸಪ್ಪೆ" ಎಂದರು. ಸೌಟು ಆಳಕ್ಕಿಳಿದಂತೆ ರಾಗ ಬದಲಾಯಿತು.

"ಅಯ್ಯಪ್ಪಾ! ಸಮುದ್ರಾನೇ ನುಂಗಿದ ಹಾಗಾಯ್ತು!" ಎಂದು ದಂತವೈದ್ಯೆ ನಲ್ಲಿಯ ಕಡೆ ಓಡಿದರು.

ಕೊನೆಗೆ ನೋಡಿದರೆ ಎಡಗಡೆ 'ಕಮ್ಮಿ' ಕಂಬ, ಬಲಗಡೆ 'ಜಾಸ್ತಿ' ಕಂಬ, ಎರಡೂ ಸರಿಸಮ! ನಡುವೆ 'ಸರಿ' ಎಂದು ಬರೆದಲ್ಲಿ ಖಾಲಿ ಸೈಟು!

"ಭಲೇ! ಸರಾಸರಿ ತೆಗೆದ್ರೆ ಉಪ್ಪು ಹದವಾಗಿದೆ!" ಮೇಷ್ಟ್ರು ಕುಣಿದರು.

"ಒಬ್ರಿಗೂ ಸರಿ ಅನ್ನಿಸಿಲ್ಲ. ಎಲ್ಲರನ್ನೂ ಸೇರಿಸಿದ್ರೆ ಹೇಗೆ ಸರಿ ಆಗುತ್ತೆ?" ಎಂದರು ದಂತವೈದ್ಯೆ, ಬಾಯಿ ಒರೆಸಿಕೊಳ್ಳುತ್ತ.

ಆಗ ಹೊಳೆಯಿತು! ಉಪ್ಪು ಹಾಕಿದ ಮೇಲೆ ಮೇಷ್ಟ್ರು ಪಾತ್ರೆ ಕಲಕಿರಲೇ ಇಲ್ಲ! ಕಲ್ಲುಪ್ಪೆಲ್ಲ ತಳದಲ್ಲಿ ತಪಸ್ಸಿಗೆ ಕೂತಿತ್ತು!

"ಕಲಕದೆ ತೆಗೆದ ಮಾದರಿ ಪಕ್ಷಪಾತದ ಮಾದರಿ! ಸಮೀಕ್ಷೆ ರದ್ದು! ಎಲ್ಲರೂ ಮತ್ತೆ ಬಟ್ಟಲು ಹಿಡೀರಿ!"

ಮೇಷ್ಟ್ರು ಬಿಸಿನೀರು ಬೆರೆಸಿ, ಸೌಟು ಹಾಕಿ ಗರಗರ ತಿರುವಿದರು. ಈ ಸಲ ಎಲ್ಲರೂ "ಸರಿ!" ಎಂದರು. ನಡುವಿನ ಕಂಬ ಫ್ರೀಜರಿನ ಬಾಗಿಲಿಗೆ ಏರಿತು.

"ಇನ್ನೊಂದು ಸುತ್ತು ನೋಡೋಣ ಸಾರ್. ವಿಜ್ಞಾನ ಅಂದ್ಮೇಲೆ ಖಚಿತ ಆಗ್ಬೇಕಲ್ವಾ?" ಎಂದು ಜಿಮ್ ಮಾಸ್ಟರು ಬಟ್ಟಲು ಮುಂದೆ ಹಿಡಿದರು.

ಮೇಷ್ಟ್ರು ಹಿರಿಹಿರಿ ಹಿಗ್ಗಿದರು. ಇಷ್ಟು ಜ್ಞಾನದಾಹವುಳ್ಳ ವಿದ್ಯಾರ್ಥಿ ಅವರ ತರಗತಿಯಲ್ಲಿ ಒಬ್ಬನೂ ಇರಲಿಲ್ಲ! ಧಾರಾಳವಾಗಿ ಬಡಿಸಿದರು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಹೆಂಡತಿ, ಅತ್ತೆ, ಹೆಂಡತಿಯ ತಂಗಿ. ಒಳಗೆ ಸೋಫಾ, ಕುರ್ಚಿ, ಕಿಟಕಿಕಟ್ಟೆಯ ಮೇಲೆಲ್ಲ ಬಟ್ಟಲು ನೆಕ್ಕುತ್ತಿರುವ ಜನ!

"ಅಳಿಯಂದ್ರೇ, ಯಾರು ಇವರೆಲ್ಲ?"

"ದತ್ತಾಂಶ, ಅತ್ತೆ!" ಮೇಷ್ಟ್ರು ಎದೆಯುಬ್ಬಿಸಿದರು.

"ದತ್ತೂನಾ?" ಅತ್ತೆ ಗೋಡೆ ಹಿಡಿದುಕೊಂಡರು. "ಇಷ್ಟು ಜನಾನೂ ದತ್ತು ತಗೊಂಡ್ರಾ? ಅದೂ ಈ ವಯಸ್ಸಿನವರನ್ನ?"

ಹೆಂಡತಿ ಸೀದಾ ಅಡುಗೆಮನೆಗೆ ನುಗ್ಗಿದಳು. ಫ್ರಿಜ್ಜು ನೋಡಿದಳು. ಸೆರಗಿನಿಂದ ಉಜ್ಜಿದಳು. ಕಂಬಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅದು ಅಳಿಸಿಹೋಗದ ಮಾರ್ಕರು! ಆಮೇಲೆ ಪಾತ್ರೆಯ ಮುಚ್ಚಳ ತೆಗೆದಳು.

"ಸೂಪೆಲ್ಲಿ?"

"ಉಪ್ಪು ಈಗ ಹದವಾಗಿದೆ ಕಣೇ. ಖಡಾಖಂಡಿತವಾಗಿ ಹೇಳಬಲ್ಲೆ!"

"ಯಾವುದರ ಉಪ್ಪು?"

"ಸೂಪಿನ ಉಪ್ಪು."

"ಸೂಪೆಲ್ಲಿ ಅಂತ ಕೇಳ್ದೆ!"

ಮೇಷ್ಟ್ರು ಪಾತ್ರೆಯೊಳಗೆ ಸೌಟು ಆಡಿಸಿದರು. ಕರಕರ ಸದ್ದು ಬಂತು. ಮೆಲ್ಲಗೆ ತಿರುಗಿ ಜಿಮ್ ಮಾಸ್ಟರ ಹೊಟ್ಟೆ ನೋಡಿದರು. ಜಿಮ್ ಮಾಸ್ಟರು ಆ ಹೊಟ್ಟೆಯನ್ನು ಒಳಗೆಳೆದುಕೊಂಡು, "ಬರ್ತೀನಿ ಸಾರ್, ಬಹಳ ಕಲಿತೆ" ಎಂದು ಬಟ್ಟಲು ಇಟ್ಟು ಜಾರಿಕೊಂಡರು. ಕ್ಷಣದಲ್ಲಿ ದತ್ತಾಂಶವೆಲ್ಲ ಮಂಗಮಾಯ!

ಹೆಂಡತಿಯ ಮುಖ ಕೆಂಪಾಯಿತು. ತುಟಿ ನಡುಗಿತು. ಮೇಷ್ಟ್ರು ಸೌಟನ್ನು ಗುರಾಣಿಯಂತೆ ಹಿಡಿದರು. ಆದರೆ ಆಕೆಯ ಬಾಯಿಂದ ಬೈಗುಳದ ಬದಲು ನಗು ಚಿಮ್ಮಿತು! ತಂಗಿಯಂತೂ ನಕ್ಕು ನಕ್ಕು ನೆಲದ ಮೇಲೇ ಕೂತುಬಿಟ್ಟಳು.

"ಅಕ್ಕಾ, ನೀನು ದಿನಾ ಹೀಗೇ ನಗ್ತೀಯಾ?"

"ನಗದೆ ಏನೇ ಮಾಡ್ಲಿ? ಅತ್ರೆ ಅದಕ್ಕೂ ಗ್ರಾಫ್ ಎಳೀತಾರೆ!"

ತಂಗಿ ಕಣ್ಣೊರೆಸಿಕೊಂಡಳು. "ಮನೇಲಿ ಇಷ್ಟು ನಗು ಇರುತ್ತೆ ಅಂದ್ರೆ, ಅಮ್ಮಾ, ಮದುವೆಗೆ ನಂದೂ ಒಪ್ಪಿಗೆ."

ಮೇಷ್ಟ್ರು ಅರ್ಧ ಅಡಿ ಎತ್ತರವಾದರು. "ನೋಡಿದ್ರಾ ಅತ್ತೆ! ನನ್ನ ಸೂಪಿನ ಮಹಿಮೆ!"

"ಒಂದೇ ಒಂದು ಷರತ್ತಮ್ಮ" ಎಂದಳು ತಂಗಿ. "ಹುಡುಗ ಲೆಕ್ಕದಲ್ಲಿ ಫೇಲ್ ಆಗಿರ್ಬೇಕು!"