ಹದಿಮೂರನೇ ಗುಡ್ಡೆ

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ರಿಪ್ಪನ್‌ಪೇಟೆ ಸುತ್ತ ನಾನು ಕಟ್ಟಿದ ಗೋಡೆಗಳಲ್ಲಿ ಇವತ್ತಿನವರೆಗೆ ಒಂದೂ ವಾಲಿಲ್ಲ. ಹಾಗಾಗಿ ಲೆಕ್ಕವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ದೃಢವಾಗಿ ನಂಬಿದ್ದೆ. ಕಳೆದ ಭಾನುವಾರದ ತನಕ.

ಅವತ್ತು ಹೊಸ ಅಳಿಯ ತನ್ನ ತಂದೆತಾಯಿಯ ಜೊತೆ ಮೊದಲ ಸಲ ಊಟಕ್ಕೆ ಬರುವವನಿದ್ದ. ಇಂಥ ಹೊತ್ತಿಗೆ ನಮ್ಮಲ್ಲಿ ಎರಡು ಮೂರು ಮನೆಯವರು ಸೇರಿ ಒಂದು ಕುರಿ ಕಡಿದು ಪಾಲು ಹಾಕಿಕೊಳ್ಳುತ್ತೇವೆ. ಯಜಮಾನಿಕೆ ನಾನೇ ವಹಿಸಿಕೊಂಡೆ. ಪಕ್ಕದ ಮನೆ ಮಂಜಣ್ಣ ಅರ್ಧ ಕುರಿ ಕೇಳಿದ. ಎದುರು ಮನೆ ಹಾಲಪ್ಪ ಮೂರರಲ್ಲಿ ಒಂದು ಪಾಲು ಎಂದ. ನಮಗೆ ಕಾಲು ಭಾಗ ಧಾರಾಳ.

ಇಟ್ಟಿಗೆ ಚೂರಿನಿಂದ ಅಂಗಳದಲ್ಲಿ ಬರೆದೆ. ಎರಡರಲ್ಲಿ ಒಂದು, ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು. ಮೇಲಿನದು ಕೂಡಿದರೆ ಮೂರು, ಕೆಳಗಿನದು ಕೂಡಿದರೆ ಒಂಬತ್ತು. ಒಂಬತ್ತರಲ್ಲಿ ಮೂರು ಪಾಲು ಖರ್ಚು, ಆರು ಪಾಲು ಉಳಿಕೆ!

ಹೆಂಡತಿ ಗಿರಿಜಾ ಬಗ್ಗಿ ನೋಡಿದಳು. "ಅಲ್ರೀ, ಅರ್ಧ ಮಂಜಣ್ಣಂಗೇ ಹೋದ್ಮೇಲೆ ಅರ್ಧಕ್ಕಿಂತ ಜಾಸ್ತಿ ಉಳಿಯೋದು ಹ್ಯಾಂಗೆ?"

"ಅದು ಲೆಕ್ಕ ಮಾರಾಯ್ತಿ. ನಿಂಗೆ ಗೊತ್ತಾಗಲ್ಲ."

ತೀರ್ಥಹಳ್ಳಿಯ ತಂಗಿಗೂ ಫೋನ್ ಮಾಡಿದೆ. "ಮನೆಯವರನ್ನೆಲ್ಲ ಕರ್ಕಂಡು ಬಾ. ಮಾಂಸ ಉಳಿದು ಹಾಳಾಗ್ತದೆ."

ಭಾನುವಾರ ಬೆಳಿಗ್ಗೆ ಕುರಿ ಕಡಿದು ಬಾಳೆಎಲೆ ಹಾಸಿದೆವು. ಪಾಲು ಹಾಕಲು ತಕ್ಕಡಿ ಬೇಡ. ಎಲುಬು, ಮೆದು ಮಾಂಸ ಎಲ್ಲ ಸಮನಾಗಿ ಬೆರೆಸಿ ಒಂದೇ ಅಳತೆಯ ಗುಡ್ಡೆ ಮಾಡಿದರಾಯಿತು.

"ಆರು ಗುಡ್ಡೆ ಹಾಕಿದ್ರೆ ಮಂಜಣ್ಣಂಗೆ ಮೂರು, ನಂಗೆ ಎರಡು," ಎಂದ ಹಾಲಪ್ಪ. "ನಿನ್ನ ಕಾಲು ಭಾಗ ಒಂದೂವರೆ ಆಗ್ತದೆ. ಒಂದೊಂದನ್ನೂ ಎರಡು ಮಾಡನ, ಎಲ್ರಿಗೂ ಸರಿ ಹೋಗ್ತದೆ."

ಹನ್ನೆರಡು ಗುಡ್ಡೆಯಾಯಿತು. ಮಂಜಣ್ಣ ಆರು ತುಂಬಿಕೊಂಡ, ಹಾಲಪ್ಪ ನಾಲ್ಕು. ನನ್ನ ಕಾಲು ಭಾಗ ಎಂದರೆ ಮೂರು. ಎಲೆಯ ಮೇಲಿದ್ದದ್ದು ಎರಡು.

"ಇನ್ನೊಂದು ಗುಡ್ಡೆ ಎಲ್ಲೋ?"

"ಕುರಿನೇ ಕೇಳ್ಬೇಕು," ಎಂದ ಮಂಜಣ್ಣ.

ನಾಯಿಯ ಮೇಲೆ ಅನುಮಾನ ಬಂತು. ಅದು ಕಟ್ಟಿದಲ್ಲೇ ಇತ್ತು. ಬೆರಳು ಮಡಚಿ ಎಣಿಸಿದೆ: ಆರು, ನಾಲ್ಕು, ಮೂರು. ಹನ್ನೆರಡು ಗುಡ್ಡೆಯ ಕುರಿಯಲ್ಲಿ ನಾನು ಹದಿಮೂರು ಹಂಚಿದ್ದೆ. ಅದರ ಮೇಲೆ ತಂಗಿಯ ಸಂಸಾರ ಆಗಲೇ ಬಸ್ಸು ಹತ್ತಿತ್ತು. ನೆರೆಯವರಿಗೆ ನಾನೇ ಒಪ್ಪಿ ಕೊಟ್ಟ ಪಾಲು, ವಾಪಸ್ ಕೇಳಲು ಮುಖವಿರಲಿಲ್ಲ.

ಉಳಿದ ಎರಡು ಗುಡ್ಡೆಯನ್ನು ಪಾತ್ರೆಗೆ ತುಂಬಿದೆ. ದೊಡ್ಡ ಕಲ್ಲು, ಸಣ್ಣ ಕಲ್ಲು ಒಟ್ಟಿಗೆ ಎಣಿಸಿ ಗೋಡೆಯ ಉದ್ದ ಹೇಳಿದ ಕೆಲಸದವನಿಗೆ, "ಮೊದಲು ಒಂದೇ ಅಳತೆಗೆ ತಾರೋ" ಎಂದು ನಾನೇ ಬೈದಿದ್ದೇನೆ. ಕೈಗೆ ತಿಳಿದದ್ದು ತಲೆಗೆ ಹತ್ತಿರಲಿಲ್ಲ. ಅರ್ಧವೂ ಒಂದು ಪಾಲೇ, ಕಾಲೂ ಒಂದು ಪಾಲೇ. ಆದರೆ ಆ ಒಂದು, ಈ ಒಂದು ಒಂದೇ ಅಲ್ಲ.

ಗಿರಿಜಾ ಆಲೂಗೆಡ್ಡೆ ಹೆಚ್ಚತೊಡಗಿದಳು, ಸರಿಯಾಗಿ ಮಾಂಸದ ತುಂಡಿನಷ್ಟೇ ದೊಡ್ಡದಾಗಿ. ಬೀಗರ ಎಲೆಗೆ ತುಂಡು ಬಿತ್ತು, ತಂಗಿಯವರ ಎಲೆಗೂ ಬಿತ್ತು. ಮಾನ ಉಳಿಯಿತು ಎಂದುಕೊಂಡು ನಾನೂ ಕುಳಿತೆ.

ಅಳಿಯ ನನ್ನ ಎಲೆ ನೋಡಿದ. "ಮಾವ, ನೀವು ಎಂತಕ್ಕೆ ಬರೀ ಆಲೂಗೆಡ್ಡೆ ಹಾಕ್ಕಂಡಿದೀರಿ?"

ನಾನು ಬಾಯಿ ತೆಗೆಯುವ ಮೊದಲೇ ಗಿರಿಜಾ ಸೌಟು ಹಿಡಿದು ಬಂದಳು.

"ನೀವು ಊಟ ಮಾಡಿ ತಮ್ಮಾ. ಅವರಿಗೆ ಇನ್ನೂ ಆರು ಪಾಲು ಉಳಿಕೆ ಇದೆ. ಅಂಗಳದಲ್ಲಿ ಬರೆದಿಟ್ಟಿದಾರೆ."